ಸಿಕ್ ಎಂದು ಬರೆದದ್ದು

ಎಮ್ಮೆದೊಡ್ಡಿ,
೧೯-೨-೧೯೨೧

ಚಿ. ಸೌ. ತೀರ್ಥಮ್ಮನಿಗೆ,

ರೇವಣಪ್ಪ ಮಾಡುವ ಆಶೀರ್ವಾದ. ನಿನ್ನ ಕಾಗದ ಬಂದು ಐದು ದಿನವಾಯಿತು. ಕೂಸಿಗೆ ಜ್ವರ ಎಂದು ಓದಿದ ಮೇಲೆ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದುಹಾಕಿದೆ. ತಡವಾಯಿತೆಂದು ಬೇಸರಪಡಬೇಡ. ಇದನ್ನು ನಿಮ್ಮಣ್ಣನ ಕೈಯಲ್ಲಿ ಓದಿಸಬೇಡ. ಅಕ್ಷರ ಕೂಡಿಸಿಕೊಂಡು ನೀನೇ ಓದು. ಅಜ್ಜಂಪುರದ ನಿನ್ನ ತವರಿನಲ್ಲಿ ಅವರು ಗಟ್ಟಿಯಾಗಿ ಓದಿದರೆ ನನಗೆ ಇಲ್ಲೇ ನಾಚಿಕೆಯಾಗುತ್ತದೆ.

ಇಲ್ಲಿ ಸರ್ಕಾರದ ಕಾವಲಿನಲ್ಲಿ ಮೇಯುವ ದನಗಳಿಗೆ ಕಾಲುಬಾಯಿ ಜ್ವರ ಹತ್ತಿದೆ. ಕುಂಟುವ ಹೋರಿಯ ಹೆಸರಿನ ಮುಂದೆ ಪುಸ್ತಕದಲ್ಲಿ ‘ಸಿಕ್’ ಎಂದು ಬರೆಯುತ್ತೇನೆ. ನನಗೆ ಬರುವ ಇಂಗ್ಲಿಷು ಅಷ್ಟೇ. ಬೀರೂರು ಸ್ಟೇಷನ್ನಿನಲ್ಲಿ ಚಕ್ರ ಕೆಟ್ಟ ವ್ಯಾಗನ್ನಿಗೂ ಅದನ್ನೇ ಬರೆದು ಪಕ್ಕದ ಹಳಿಗೆ ತಳ್ಳಿದ್ದರು. ದನ ಕಾಯುವ ಚಿಕ್ಕಬೀರಪ್ಪನಿಗೆ ಹೇಳಿದರೆ ನಗುತ್ತಾನೆ: “ನಮ್ಮವ್ವ ಹತ್ತು ಥರ ಹೇಳೋಳು ಕಣಪ್ಪೋ. ಮೈ ಬೆಚ್ಚಗೈತೆ, ದೃಷ್ಟಿ ಆಗೈತೆ, ಗಾಳಿ ಸೋಕೈತೆ. ನಿಮ್ ದೊರೆಗಳಿಗೆ ದನಕ್ಕೂ ಗಾಡಿಗೂ ಮನುಷರಿಗೂ ಒಂದೇ ಸಾಕಾಯ್ತಾ?”

ನನಗೆ ನಗು ಬರಲಿಲ್ಲ. ನಿಂತಲ್ಲಿ ನಿಲ್ಲಲಾರೆ. ಟಪಾಲಿನವನ ದಾರಿ ನೋಡುತ್ತ ಬಾವಿಯವರೆಗೆ ಹೋಗಿ ಬರುತ್ತೇನೆ, ಮತ್ತೆ ಹೋಗುತ್ತೇನೆ. ಕೂಸು ಹಾಲು ಕುಡಿಯುತ್ತಿದೆಯೇ? ಕಣ್ಣು ಬಿಟ್ಟು ನೋಡುತ್ತದೆಯೇ? ನೀನೂ ಬಾಣಂತಿ, ತಣ್ಣೀರಿನಲ್ಲಿ ಕೈ ಇಡಬೇಡ.

ನಿನ್ನೆ ನಮ್ಮ ಮೇಲಧಿಕಾರಿ ದರೋಗ ತಿಮ್ಮರಾಯಪ್ಪನವರ ಮುಂದೆ ನಿಂತು ರಜ ಕೇಳಿದೆ. “ಏನಪ್ಪಾ, ನಿನ್ ಕೂಸು ತಿಂಗಳಿಗೊಂದ್ಸಲ ಸಿಕ್ ಆಗ್ತದಾ? ಹೋಗು, ಹೋರಿ ನೋಡ್ಹೋಗು” ಅಂದರು. ಹೋಗಿ ಹೋರಿ ನೋಡಿ ಬಂದೆ. ಮಂಗಳವಾರ ಇನ್ನೊಬ್ಬ ಗುಮಾಸ್ತ ಬರುತ್ತಾನೆ. ಅವನ ಕೈಗೆ ಪುಸ್ತಕ ಕೊಟ್ಟು ಹೊರಟುಬಿಡುತ್ತೇನೆ, ರಜ ಕೊಡಲಿ ಬಿಡಲಿ. ಕೆಲಸ ಹೋದರೆ ಹೋಗಲಿ.

ನಿನಗೂ ಕೂಸಿಗೂ ನೂರು ವರ್ಷ ಆಯುಸ್ಸಾಗಲಿ.

ರೇವಣಪ್ಪ

ತಾ. ಕ.: ಹೋದ ತಿಂಗಳು ಬಂದಿದ್ದಾಗ, ರಜ ಹೇಗೆ ಕೊಟ್ಟರು ಎಂದು ಕೇಳಿದೆಯಲ್ಲ. ದರೋಗರೇ ಕರುಣೆಯಿಂದ ಕೊಟ್ಟರು ಅಂದೆ. ಸುಳ್ಳು. ಕೂಸಿನ ಮುಖ ನೋಡುವ ಆಸೆಗೆ ಅರ್ಜಿಯಲ್ಲಿ ‘ಕೂಸು ಸಿಕ್’ ಎಂದು ಬರೆದೆ. ಆಗ ಅದು ನಿನ್ನ ಮಡಿಲಲ್ಲಿ ಕೈಕಾಲು ಆಡಿಸಿಕೊಂಡು ಚೆನ್ನಾಗಿತ್ತು. ಕಾಯಿಲೆ ಎಂದು ಕನ್ನಡದಲ್ಲಿ ಬರೆಯಲು ಕೈ ಏಳಲಿಲ್ಲ. ಇಂಗ್ಲಿಷಿನಲ್ಲಾದರೆ ದೇವರಿಗೆ ತಿಳಿಯುವುದಿಲ್ಲ ಅಂದುಕೊಂಡೆ. ಇದನ್ನು ಓದಿದ ಕೂಡಲೇ ಕೂಸಿನ ತಲೆಯ ಮೇಲೆ ಕೈಯಿಟ್ಟು ‘ಬಿಡ್ತು’ ಅನ್ನು. ನಾನು ಐದು ದಿನದಿಂದ ಅನ್ನುತ್ತಲೇ ಇದ್ದೇನೆ. ಬರೆದವನೇ ಅಂದರೆ ಅದು ಬಿಡುವುದಿಲ್ಲವೇನೋ.