ಭೈರನ ಕೊಳೆತ ಹಲ್ಲು

ಜಡೆ,
೨-೨-೨೦೨೫

ಸ್ನೇಹಿತರಾದ ಶಿವಮೂರ್ತಪ್ಪನವರಿಗೆ ಲೋಕಪ್ಪನ ನಮಸ್ಕಾರಗಳು.

ನಾವಿಲ್ಲಿ ಕುರಿಗಳೂ ಸೇರಿ ಕ್ಷೇಮ. ಶಿಕಾರಿಪುರದಲ್ಲಿ ನೀವೂ ವೀರಮ್ಮನವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯಲು ಮೂರು ತಿಂಗಳು ತಡವಾಯಿತು, ತಪ್ಪು ನನ್ನದು. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಬಂದ ಕಾಗದವನ್ನು ಓದದೆ ಹರಿದು ಹಾಕುವ ಜನವಂತೂ ನೀವಲ್ಲ.

ದೀಪಾವಳಿಯ ಮರುದಿನ ಬಂದಾಗ, ನೀವು ಎಂದಿನಂತೆ ನಮ್ಮ ಕುರಿ ಕಾಯುವ ನಾಯಿ ಭೈರನ ಗಲ್ಲ ಹಿಡಿದು ರೊಟ್ಟಿ ತಿನ್ನಿಸಲು ಹೋದಿರಿ. ಅದು ನಿಮ್ಮ ಕೈಗೇ ಬಾಯಿ ಹಾಕಿತು. "ಇದರ ತಲೆ ಕೆಟ್ಟೈತಿ ಲೋಕಪ್ಪ, ಎಲ್ಲಿಗಾರ ದೂರ ಬಿಟ್ಟು ಬಾ" ಎಂದಿರಿ. "ನೀವೇ ಏನೋ ಚುಚ್ಚಿರ್ಬೇಕು ಬಿಡ್ರಿ" ಎಂದುಬಿಟ್ಟೆ ನಾನು. ಇಪ್ಪತ್ತು ವರ್ಷದ ಸ್ನೇಹ ಆ ಎರಡು ಮಾತಿಗೆ ನಿಂತುಹೋಯಿತು.

ಅದರ ಬಾಯಿ ಆಗಲೇ ನಾರುತ್ತಿತ್ತು. ಕುರಿ ಈಯುವ ಕಾಲ, ಬಿದ್ದ ಮಾಸು ತಿಂದು ನಾರುತ್ತಿದೆ ಎಂದು ನಾನು ಸುಮ್ಮನಿದ್ದೆ. ನಮ್ಮ ಬುದ್ಧಿ ಕುರಿಯಿಂದಾಚೆ ಹೋದರೆ ತಾನೆ. ಡಿಸೆಂಬರಿನಲ್ಲಿ ಕಣ್ಣಿನ ಕೆಳಗೆ ಊದಿ ಕೀವು ಒಡೆಯಿತು. ಸೊರಬದ ಪಶು ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಧನಲಕ್ಷ್ಮಿ ಡಾಕ್ಟರು ತುಟಿ ಎತ್ತಿ ನೋಡಿ, "ಹಲ್ಲಿನ ಬೇರೇ ಕೊಳೆತಿದೆ ಕಣ್ರೀ. ತಿಂಗಳುಗಟ್ಟಲೆ ನೋವು ತಿಂದಿದೆ. ಆ ಕಡೆ ಗಲ್ಲ ಮುಟ್ಟಿದ್ರೆ ಯಾವ ನಾಯಿಯಾದ್ರೂ ಕಚ್ಚುತ್ತೆ" ಎಂದರು. ಶಿವಮೊಗ್ಗದ ಪಶು ಆಸ್ಪತ್ರೆಯಲ್ಲಿ ಮತ್ತಿನ ಇಂಜೆಕ್ಷನ್ ಕೊಟ್ಟು ಎರಡು ದವಡೆ ಹಲ್ಲು ಕಿತ್ತರು.

ಈಗ ನಾಯಿಗೆಂದೇ ಸಿಗುವ ಪೇಸ್ಟು ಹಾಕಿ ದಿನಾ ನಾನೇ ಹಲ್ಲುಜ್ಜುತ್ತೇನೆ. "ನಂಗೆ ಹಲ್ಲು ನೋವು ಬಂದಾಗ ಲವಂಗ ಕಚ್ಕಂಡು ಮಲ್ಕ ಅಂದ್ರಿ. ನಾಯಿಗೆ ಬ್ರಷ್ಷು" ಎಂದು ನಮ್ಮನೆ ಹೂವಮ್ಮ ಮುಖ ತಿರುಗಿಸುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪೇನಿಲ್ಲ.

ನೀವು ಚುಚ್ಚಿರಲಿಲ್ಲ, ಅದರ ತಲೆಯೂ ಕೆಟ್ಟಿರಲಿಲ್ಲ. ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಿ. ನೀವು ಬಾರದೆ ನನಗೆ ಬಹಳ ಬೇಜಾರಾಗಿದೆ. ಒಂದು ದಿನ ಬನ್ನಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡೋಣ. ಮಗಳು ಗಂಗಾಶ್ರೀಗೆ ನಮ್ಮಿಬ್ಬರ ಆಶೀರ್ವಾದ ತಿಳಿಸಿ, ಅವಳು ನೂರು ಕಾಲ ಸುಖವಾಗಿರಲಿ.

ಇಂತಿ ನಿಮ್ಮ,
ಲೋಕಪ್ಪ

ವಿ.ಸೂ.: ಒಂದು ಮಾತನ್ನು ಮೇಲೆ ಬರೆಯಲಾಗಲಿಲ್ಲ. ಅವತ್ತು ನೀವು ಬಸ್ಸು ಹತ್ತಿದ ಮೇಲೆ, ಗೆಳೆಯನ ಮುಂದೆ ಮಾನ ಕಳೆಯಿತೆಂದು ಕೋಲು ತೆಗೆದು ಭೈರನ ಅದೇ ಗಲ್ಲಕ್ಕೆ ಬಾರಿಸಿದೆ. ಅದು ನನ್ನನ್ನು ಕಚ್ಚಲಿಲ್ಲ. ಈಗ ಗಾಯ ಮಾಗಿದೆ, ಕರೆದರೆ ಬರುತ್ತದೆ, ಉಜ್ಜಲು ಬಾಯಿಯನ್ನೂ ತೆರೆಯುತ್ತದೆ. ಆದರೆ ಟವೆಲ್ ಕೊಡವಲು ಕೈ ಎತ್ತಿದರೂ ಸಾಕು, ನೆಲಕ್ಕೆ ಅಂಟಿಕೊಂಡು ಕಣ್ಣು ಮುಚ್ಚಿಬಿಡುತ್ತದೆ.