ಓನರಮ್ಮನ ಹತ್ತಿರವೂ ಒಂದು ಕೀ

ಜೂನ್ 6, ಶುಕ್ರವಾರ

ಸ್ನಾನ ಅರ್ಧ ಆಗಿತ್ತು. ಹಾಲ್‌ನಲ್ಲಿ ಬಳೆ ಸದ್ದು. ಮಗ್ ಹಿಡಿದು ಹಾಗೇ ನಿಂತುಬಿಟ್ಟೆ. ಗಂಡ ಹುಡುಕಿಕೊಂಡು ಬಂದೇಬಿಟ್ಟ ಎಂದುಕೊಂಡೆ. ಅವನು ಬಳೆ ಹಾಕುವುದಿಲ್ಲ ಎಂದು ಹೊಳೆಯುವಷ್ಟೂ ತಲೆ ಓಡಲಿಲ್ಲ.

ಬಂದು ನೋಡಿದರೆ ಓನರಮ್ಮ, ವೆಂಕಟಲಕ್ಷ್ಮಮ್ಮ. ತಮ್ಮ ಕೀಯಲ್ಲಿ ಬಾಗಿಲು ತೆಗೆದು, ಹೊಸ್ತಿಲಿಗೆ ಅರಿಶಿನ ಹಚ್ಚಿ, ಒಳಗೆ ದೀಪ ಇಡುತ್ತಿದ್ದಾರೆ.

"ಬಾಡಿಗೆಗ್ ಕೊಟ್ರೂ ಒಸ್ಲು ನಮ್ದೇ ಅಲ್ವೇನಮ್ಮ? ಎಲ್ಲಾ ಮನೇಗೂ ನಾನೇ ಮಾಡೋದು."

ಬೆಲ್ ಮಾಡಬಹುದಿತ್ತಲ್ಲ ಆಂಟಿ, ಅಂದೆ. ನಕ್ಕರು.

"ನಮ್ಮನೇಗೆ ನಾವೇ ಬೆಲ್ ಒಡೀಬೇಕಾ?"

ಯಾವ ಸೀಮೆ ನ್ಯಾಯ ಇದು!

ಜೂನ್ 8

ಅಕ್ಕನ ಫೋನ್. ಗಂಡ ನಂದಕುಮಾರ್ ನನ್ನ ಆಫೀಸಿನ ಹತ್ತಿರ ವಿಚಾರಿಸಿದನಂತೆ. ಕೊಡಿಗೇಹಳ್ಳಿ ಬಸ್ ಹತ್ತುತ್ತಾಳೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದಾರೆ. ಕಳೆದ ಸಲ ನನ್ನ ಕೈ ಮುರಿದ. ಈ ಸಲ ಸಿಕ್ಕರೆ ಜೀವಂತ ಬಿಡಲ್ಲ ಎಂದು ಅಕ್ಕನಿಗೇ ಹೇಳಿದ್ದಾನೆ.

ಓನರಮ್ಮನಿಗೆ ಹೇಳಲೇ? ಗಂಡನನ್ನು ಬಿಟ್ಟು ಬಂದವಳು ಎಂದಿದ್ದರೆ ಮನೆಯೇ ಸಿಗುತ್ತಿರಲಿಲ್ಲ. ಯಜಮಾನರಿಗೆ ಹೊಸೂರಿನಲ್ಲಿ ಕೆಲಸ, ರಜೆ ಸಿಕ್ಕಾಗ ಬರುತ್ತಾರೆ ಅಂದಿದ್ದೆ. ಈಗ ಬಾಯಿ ಬಿಟ್ಟರೆ ಬೀದಿಗೆ.

ಜೂನ್ 13, ಶುಕ್ರವಾರ

ಇವತ್ತೂ ಬಂದರು. ಆ ಕೀ ನನಗೇ ಕೊಡಿ, ಅರಿಶಿನ ನಾನೇ ಹಚ್ತೀನಿ ಅಂದೆ. ಮುಖ ಊದಿಸಿಕೊಂಡರು.

"ನಾವೇನ್ ಕಳ್ರಾ? ಎಣ್ಮಗ್ಳು ಒಬ್ಳೇ ಇರ್ತೀಯ ಅಂತ ನೋಡ್ಕೊಳ್ಳೋದು ತಪ್ಪಾ?"

"ನಿಮ್ಮನ್ನಲ್ಲ ಆಂಟಿ. ಬೇರೆ ಯಾರಾದ್ರೂ ಬಂದು ಕೇಳಿದ್ರೆ..."

"ಸಿಕ್ಕೋರಿಗೆಲ್ಲ ಬಾಗ್ಲು ತೆಗೆಯಕ್ಕೆ ನಂಗೇನ್ ತಲೆ ಕೆಟ್ಟಿದ್ಯಾ?"

ಆಗಲೇ ಹೇಳಿಬಿಡಬೇಕಿತ್ತು. ಸಂಜೆ ಒಳಗಿನಿಂದ ಹಾಕಲು ಒಂದು ದಪ್ಪ ಚಿಲಕ ತಂದು ಕೂರಿಸಿದೆ.

ಜೂನ್ 19, ಸಂಜೆ

ಈಗಷ್ಟೇ ಬಂದೆ. ಚಿಲಕ ಹಾಕಿ ನೀರು ಕುಡಿಯಲು ಅಡುಗೆಮನೆಗೆ ಬಂದರೆ – ಸಿಂಕಿನಲ್ಲಿ ಎರಡು ಕಾಫಿ ಲೋಟ. ಬೆಳಿಗ್ಗೆ ಎಲ್ಲ ತೊಳೆದಿಟ್ಟು ಹೋಗಿದ್ದೆ. ಇವತ್ತು ಶುಕ್ರವಾರವೂ ಅಲ್ಲ. ಓನರಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಖುಷಿಯೋ ಖುಷಿ.

"ನಿನ್ ಯಜಮಾನ್ರು ಬಂದವ್ರೆ ಕಣಮ್ಮ! ಮದ್ವೆ ಫೋಟೋ ತೋರ್ಸಿದ್ರು. ಎಂಥ ಒಳ್ಳೇ ಮನ್ಸ! ನಾನೇ ಬಾಗ್ಲು ತೆಗ್ದು, ನಿಮ್ಮನೇಲೇ ಕಾಫಿ ಕಾಯ್ಸಿ ಕೊಟ್ಟೆ."

"ಹೋದ್ರಾ?" ಪಿಸುಗುಟ್ಟಿದೆ.

"ಎಲ್ಲಿಗ್ ಓಗ್ತಾರೆ? ರೂಮಲ್ಲಿ ಮಲಗವ್ರೆ. ಸುಸ್ತಾಗಿದ್ರು, ಮಲಕ್ಕಳಿ ಅಂದೆ. ನೀನಿನ್ನೂ ಎಬ್ಬಿಸಿಲ್ವಾ?"

ಅಕ್ಕನಿಗೆ ಮೆಸೇಜ್ ಹಾಕಿದೆ. ನೋಡಿಲ್ಲ ಇನ್ನೂ. ಹೊರಗೆ ಹೋಗಬೇಕೆಂದರೆ ಆ ರೂಮಿನ ಮುಂದೆಯೇ ದಾಟಬೇಕು... ಮಂಚ ಕಿರ್ ಎಂದಿತು. ಎದ್ದ. ದೇವರೇ, ಎದ್ದ. "ಬಂದ್ಯಾ ತೇಜೂ?" ಅಂತ –