ನಮ್ಮ ಬಿಲ್ಡಿಂಗ್ ತುಳಿಯುವ ರಾಕ್ಷಸ

4 ನವೆಂಬರ್ 2016, ಶುಕ್ರವಾರ
ಇಗರ್ಜಿಯ ಪೂಜೆ ಮುಗಿಸಿ ಬಂದು ಕಣ್ಣು ಮುಚ್ಚಿದ್ದೆ. ಮೊಮ್ಮಗಳು ಆನ್ ಮರಿಯಾ ಎಬ್ಬಿಸಿ ಜಪಾನಿನ ಹಳೇ ಸಿನೆಮಾ ತೋರಿಸಿದಳು. ಗುಡ್ಡದಷ್ಟು ದೊಡ್ಡ ಹಲ್ಲಿ ಪೇಟೆ ತುಳಿಯುವುದು. ಅಸಲಿಗೆ ರಬ್ಬರ್ ವೇಷದೊಳಗೆ ಒಬ್ಬ ಮನುಷ್ಯ, ಕಾಲಡಿ ಆಟಿಕೆ ಪೇಟೆ.
“ಗ್ರ್ಯಾಂಡ್‌ಪಾ, ನೋ ಕಂಪ್ಯೂಟರ್! ಈಗ್ಲೂ ಎಲ್ಲ ಅವರನ್ನೇ ಕಾಪಿ ಮಾಡೋದು.”
ಶಾಲೆಯ ಸ್ಪರ್ಧೆಗೆ ಅಂಥದ್ದೇ ಸಿನೆಮಾ ಮಾಡುತ್ತಾಳಂತೆ. ತುಳಿಯಲು ರಟ್ಟಿನ ಬಿಲ್ಡಿಂಗ್ ನಾನು ಕಟ್ಟಬೇಕು. ಪ್ರತಿ ಕ್ರಿಸ್ಮಸ್‌ಗೆ ಬಾಲಯೇಸುವಿನ ಗೋದಲಿ ಕಟ್ಟುವ ಕೈ — ಹೂಂ ಅಂದೆ.
ಯಾವ ಬಿಲ್ಡಿಂಗ್? ನಮ್ಮದೇ! ಕೊಲ್ಲಿ ದೇಶದಲ್ಲಿ ಇಷ್ಟು ವರ್ಷ ನಾವಿದ್ದ, ಟೂರಿಸ್ಟ್ ಕ್ಲಬ್ ಏರಿಯಾದ ಈ ಮುದುಕ ಬಿಲ್ಡಿಂಗ್. ಜನವರಿಯಲ್ಲಿ ಒಡೆಯುತ್ತಾರೆ, ನಾವು ಊರ ಹೊರಗಿನ ಖಲೀಫಾ ಸಿಟಿಯ ಮನೆಗೆ. ಹೇಗೂ ಹೋಗುವುದೇ ಅಂತ ಹುಡುಗಿಯ ಲೆಕ್ಕ.

9 ನವೆಂಬರ್
ಕೆಳಗಿನ ಟೈಲರ್ ಶುಕೂರ್ ಭಾಯಿ ಹಳೇ ಸ್ಪಂಜಿನ ಹಾಸಿಗೆ ಕತ್ತರಿಸಿ ವೇಷ ಹೊಲಿದಿದ್ದಾರೆ. ಬಾಲ, ಬೆನ್ನಿಗೆ ಮುಳ್ಳು, ಜಿಪ್ಪು. ಎದೆ ಮೇಲೆ ಕಿಸೆ!
“ರಾಕ್ಷಸನಿಗೆ ಕಿಸೆ ಎಂತಕ್ಕೆ ಭಾಯಿ?”
“ಮೊಬೈಲ್ ಎಲ್ಲಿ ಇಡ್ತಾನೆ ಮತ್ತೆ?”
ವೇಷ ಹಾಕುವವನು ನನ್ನ ಮಗ ಡಿಕ್ಸನ್, ಹುಡುಗಿಯ ಅಪ್ಪ.

18 ನವೆಂಬರ್
ಬಿಲ್ಡಿಂಗ್ ಮುಗಿಯಿತು. ನೀರಿನ ಟ್ಯಾಂಕ್, ಎಸಿ ಡಬ್ಬಗಳು, ಬಾಗಿದ ಡಿಶ್. ನಾಲ್ಕನೇ ಮಾಳಿಗೆಯಲ್ಲಿ ನಮ್ಮ ಬಾಲ್ಕನಿ. ಡಿಕ್ಸನ್ ಸಣ್ಣವನಿದ್ದಾಗ ಮೂರು ಚಕ್ರದ ಸೈಕಲ್ ಗುದ್ದಿದ ಗೋಡೆಗೆ ಗೀರೂ ಎಳೆದೆ.
ಹೆಂಡತಿ ಅಪೊಲೊನಿಯಾ ಧೂಳು ಒರೆಸಲು ಬಂದಳು. ಮುಟ್ಟಬೇಡ ಅಂದೆ. “ತುಳಿಲಿಕ್ಕೆ ಕಟ್ಟಿದ್ದಲ್ವಾ ಮಾರಾಯ್ರೆ?” ಅಂದಳು.
ತುಳಿಯಲು ಬೇರೆ ಬಿಲ್ಡಿಂಗ್ ಕಟ್ಟಿಕೊಡುತ್ತೇನೆ ಅಂದರೆ ಹುಡುಗಿ ಕೇಳುವುದಿಲ್ಲ. ಸ್ಪರ್ಧೆಗೆ ಕಳಿಸಲು ಡಿಸೆಂಬರ್ ಒಂದು, ಗುರುವಾರ, ಕೊನೇ ದಿನವಂತೆ.

25 ನವೆಂಬರ್, ಶುಕ್ರವಾರ, ಸಂಜೆ
ಶೂಟಿಂಗ್ ಹಾಲ್‌ನಲ್ಲಿ. ಡಿಕ್ಸನ್ ವೇಷದೊಳಗೆ ಹೊಟ್ಟೆವರೆಗೆ ಹೋದ, ಮುಂದೆ ಹೋಗಲಿಲ್ಲ. ಶುಕೂರ್ ಭಾಯಿ ಹಿಡಿದದ್ದು ಅವನ ಮದುವೆ ಕೋಟಿನ ಅಳತೆ! ನನಗೆ ಸರಿಯಾಗಿ ಕೂತಿತು. ಡಿಕ್ಸನ್ ಕೈಗೆ ಕ್ಯಾಮೆರಾ ಫೋನು.
“ಆಕ್ಷನ್!”
ಕಾಲು ಏಳಲಿಲ್ಲ.
“ಗ್ರ್ಯಾಂಡ್‌ಪಾ, ಯು ಆರ್ ಆ್ಯಂಗ್ರಿ! ಯು ಹೇಟ್ ದಿಸ್ ಬಿಲ್ಡಿಂಗ್!”
ಎಲ್ಲಿಯ ಸಿಟ್ಟು... ಹಲ್ಲಿಯ ಮೂಗಿನ ತೂತಿನಿಂದ ಬಾಲ್ಕನಿಯೊಂದೇ ಕಾಣುತ್ತಿತ್ತು. ಅಪೊಲೊನಿಯಾ ಸೋಫಾದಿಂದ, “ಹೊತ್ಕೊಂಡು ಹೋಗ್ಲಿಕ್ಕೆ ಆಗ್ತದಾ? ತುಳೀರಿ ಅತ್ಲಾಗೆ!” ಅವಳ ದನಿಯೂ ಸರಿ ಇರಲಿಲ್ಲ.
ತುಳಿದೆ. ಟ್ಯಾಂಕ್ ಹೋಯಿತು, ಡಿಶ್ ಹೋಯಿತು, ಬಾಲ್ಕನಿಯೂ. ಧೂಳು ಏಳಲೆಂದು ಬಿಲ್ಡಿಂಗ್ ಒಳಗೆ ತುಂಬಿದ್ದ ಮೈದಾ ಮನೆಯಿಡೀ. ವೇಷದೊಳಗೆ ಅತ್ತೆ. ಅದೊಂದು ಅನುಕೂಲ ಉಂಟು, ಹೊರಗೆ ಹಲ್ಲು ಕಿರಿದ ಮುಖವೇ.
“ಕಟ್! ಸೂಪರ್! ಡ್ಯಾಡಿ, ಶೋ ಮಿ.”
ಡಿಕ್ಸನ್ ಫೋನ್ ತಿರುಗಿಸಿ ಮುರುಗಿಸಿ ನೋಡಿದ.
“ಪಪ್ಪಾ... ರೆಕಾರ್ಡ್ ಒತ್ತಿದ್ದೇನೆ ಅಂತ...”
ಹುಡುಗಿ ಗೊಳೋ ಅಂತ ಅತ್ತಳು. ನನಗೆ ನಗು. ನಕ್ಕು ನಕ್ಕು ಜಿಪ್ಪು ಸಿಕ್ಕಿಕೊಂಡಿತು. ಶುಕೂರ್ ಭಾಯಿ ಬಂದು ಬಿಡಿಸುವವರೆಗೆ ಹಲ್ಲಿಯಾಗಿಯೇ ಚಾ ಕುಡಿದೆ, ಸ್ಟ್ರಾ ಹಾಕಿ.

26 ನವೆಂಬರ್
ಬೆಳಿಗ್ಗೆಯೇ ರಟ್ಟು ತಂದೆ. ಮೊದಲಿನಿಂದ ಕಟ್ಟಬೇಕು. ಬೇಸರವೇ ಇಲ್ಲ.
ಅಪೊಲೊನಿಯಾ ಕರೆಯದೇ ಬಂದು ಪಕ್ಕ ಕೂತಳು. “ಬಾಲ್ಕನಿಯಲ್ಲಿ ನನ್ನ ಕರಿಬೇವಿನ ಗಿಡ ಎಲ್ಲಿ? ಹಾಲಿನ ಪುಡಿ ಡಬ್ಬದ್ದು?” ಹೌದಲ್ಲ, ಮರೆತೇ ಬಿಟ್ಟಿದ್ದೆ! ಚಾಕಲೇಟ್ ಕಾಗದ ಸುತ್ತಿ ಡಬ್ಬ ಮಾಡುತ್ತಿದ್ದಾಳೆ. ಬಟ್ಟೆ ಹಗ್ಗವೂ ಬೇಕಂತೆ, ಡಿಕ್ಸನ್‌ನ ಸಣ್ಣ ಯೂನಿಫಾರ್ಮ್ ಒಣಹಾಕಿ.
ಬುಧವಾರ ಮತ್ತೆ ಶೂಟಿಂಗ್. ರೆಕಾರ್ಡ್ ಒತ್ತಲು ಈ ಸಲ ಡಿಕ್ಸನ್‌ಗೆ ನೆನಪು ಮಾಡಬೇಕು. ಮಾಡುತ್ತೇನೆ. ಆದರೂ, ಅಕಸ್ಮಾತ್ ಅವನು ಮತ್ತೆ ಮರೆತರೆ—